ನನ್ನದಲ್ಲದ ಎದೆನೋವು

“ನಿಮ್ಮ ಮನ್ಯಾಗ ಹಿರಿಯಾರಿಗೆ ಯಾರಿಗರ ಹಾರ್ಟಿನ ತ್ರಾಸ ಇತ್ತೇನ್ರಿ?” ರಾಣೆಬೆನ್ನೂರಿನ ಡಾಕ್ಟರು ಕೇಳಿದ್ದೇ ತಡ, ನಾನು ಶುರು ಮಾಡಿದೆ. ಅಪ್ಪ ಐವತ್ತಕ್ಕೇ ಹೋದರು, ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು. ಅಜ್ಜನೂ ಐವತ್ತು ದಾಟಲಿಲ್ಲ. ನನಗೀಗ ನಲವತ್ತೊಂಬತ್ತು. ಡಾಕ್ಟರು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಮ್ಮೆಲೇ ನನ್ನ ತೋಳು ಹಿಡಿದಳು. “ಅಲ್ರೀ, ನೀವು ದತ್ತಕ ಬಂದಾವ್ರಲ್ಲೇನ್ರಿ! ಆ ಎದಿಬ್ಯಾನಿ ನಿಮಗೆಲ್ಲಿಂದ ಬರಬೇಕು?”

ಡಾಕ್ಟರ ಪೆನ್ನು ನಿಂತಿತು. ಮೂರು ವರ್ಷದವನಿದ್ದಾಗ ಮೇಡ್ಲೇರಿಯಿಂದ ಈ ಮನೆಗೆ ದತ್ತು ಬಂದವನು ನಾನು. ಊರಿಗೆಲ್ಲ ಗೊತ್ತು, ನಾನೇ ಮರೆತಿದ್ದೆ! ರಕ್ತಸಂಬಂಧವೇ ಇಲ್ಲದ ಇಬ್ಬರ ಎದೆನೋವಿಗೆ ಹೆದರಿ ಇಷ್ಟು ವರ್ಷ ನಿದ್ದೆಗೆಟ್ಟಿದ್ದೆ. ನನ್ನ ಹೆತ್ತ ತಂದೆಗೆ ಎಂಬತ್ತೆರಡು. ಈಗಲೂ ಸೈಕಲ್ ತುಳಿದುಕೊಂಡು ಹೊಲಕ್ಕೆ ಹೋಗುತ್ತಾರೆ!

ಡಾಕ್ಟರು ನಗುತ್ತಲೇ ಇಸಿಜಿ ತೆಗೆಸಿದರು. ಅದೂ ಸರಿಯಿತ್ತು. ಹೊರಗೆ ಬಂದವನೇ ಎಸ್‌ಟಿಡಿ ಬೂತಿಗೆ ನುಗ್ಗಿ ಮೇಡ್ಲೇರಿಗೆ ಫೋನ್ ಹಚ್ಚಿದೆ. ಏನು ಮಾತಾಡಿದೆನೋ ನೆನಪಿಲ್ಲ, ಬರೀ ನಗುತ್ತಿದ್ದೆನಂತೆ.

ಮರುದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಎಂದಿನಂತೆ, ಅಪ್ಪ ಕಲಿಸಿದ ಹಾಗೆ, ಒಂದು ಮೆಣಸಿನಕಾಯಿ ಮುರಿದು, ಕಣ್ಣು ಮುಚ್ಚಿ ಮೂಸುತ್ತಿದ್ದೆ. ಮುದುಕ ಹಮಾಲನೊಬ್ಬ ಬೆನ್ನ ಮೇಲಿನ ಚೀಲ ಇಳಿಸಿ, “ಥೇಟ್ ನಿಮ್ಮಪ್ಪನ್ನ ನೋಡಿದಂಗಾತ್ರೀ” ಎಂದ. ಹಿಂದಿನ ದಿನ ಅವರ ರಕ್ತ ನನ್ನದಲ್ಲವೆಂದು ಕುಣಿದಾಡಿದವನಿಗೆ, ಆ ಮಾತು ಕೇಳಿ ಅದಕ್ಕಿಂತ ಹೆಚ್ಚು ಖುಷಿಯಾಯಿತು.