ಸೇಡಂನಿಂದ ಕುಳಿತವರು

ಸೇಡಂ ಕಡೆಯಿಂದ ಬರುವ ಪ್ಯಾಸೆಂಜರ್ ರೈಲನ್ನು ನಾನು ಚಿತ್ತಾಪುರದಲ್ಲಿ ಹತ್ತುತ್ತೇನೆ. ಹತ್ತಿದ ಕೂಡಲೇ ಒಳಗೆ ಕುಳಿತವರೆಲ್ಲ ನನ್ನನ್ನು ತಮ್ಮ ಹೊಲದ ಬದು ಒತ್ತಿಕೊಂಡು ಬಂದವನಂತೆ ನೋಡುತ್ತಾರೆ. ಅವರೇನೂ ಆ ಬೋಗಿಯಲ್ಲಿ ಹುಟ್ಟಿ ಬೆಳೆದವರಲ್ಲ, ಸ್ವಲ್ಪ ಹೊತ್ತಿನ ಹಿಂದೆ ಸೇಡಂನಲ್ಲಿ ನನ್ನಂತೆಯೇ ತಳ್ಳಾಡಿ ಹತ್ತಿದವರು. ನಾನೂ ಕಡಿಮೆಯವನಲ್ಲ. ಮೂಲೆಯಲ್ಲಿ ಹೇಗೋ ಅರ್ಧ ಪೃಷ್ಠವನ್ನು ಪ್ರತಿಷ್ಠಾಪಿಸಿದ ಮೇಲೆ ವಾಡಿಯಲ್ಲಿ ಹತ್ತುವವರನ್ನು ಅದೇ ಕಣ್ಣಿನಿಂದ ನೋಡುತ್ತೇನೆ. ಶಹಾಬಾದ್ ಬರುವ ಹೊತ್ತಿಗೆ ಆ ಬೋಗಿಯನ್ನು ನಮ್ಮ ಪೂರ್ವಜರೇ ಕಟ್ಟಿಸಿದರೆಂಬ ಕಳೆ ನನ್ನ ಮುಖದ ಮೇಲೆ ಬಂದಿರುತ್ತದೆ. ರೈಲು ಎಷ್ಟು ತಡ, ಸೀಟು ಸಿಕ್ಕಿತೇ, ಜಗಳಗಳೆಷ್ಟು ಎಂದು ದಿನಚರಿಯಲ್ಲಿ ಗೆರೆ ಎಳೆದು ಲೆಕ್ಕವಿಡುವ ಚಟ ನನಗಿದೆ. ಆ ಲೆಕ್ಕದಿಂದ ಇಷ್ಟು ತಿಳಿದಿದೆ: ಹೊಸಬರ ಮೇಲೆ ಹೆಚ್ಚು ಜೋರು ಮಾಡುವವರು ಒಂದೇ ಒಂದು ಸ್ಟೇಷನ್ ಹಿಂದೆ ಹತ್ತಿದವರು.

ಇದನ್ನು ನಮ್ಮ ಮನೆಯಲ್ಲಿಯೇ ಕಾಣುವ ಪ್ರಸಂಗ ಬಂತು. ನನ್ನ ಅಕ್ಕ ಸುವರ್ಣಾ ಮತ್ತು ಎದುರು ಮನೆಯ ಬಸವರಾಜ ಪರಸ್ಪರ ಒಪ್ಪಿದ್ದರು. ಜಾತಿ, ಗುರು, ಮಠ ಎರಡೂ ಮನೆಗೆ ಒಂದೇ. ಆದರೆ ಎರಡೂ ಮನೆಯಲ್ಲಿ ಒಬ್ಬೊಬ್ಬ ಮುತ್ಯಾ, ಅಂದರೆ ಅಜ್ಜ, ಇದ್ದರು. ಎದುರು ಮನೆಯವರಿಗೆ ಹೆಣ್ಣು ಕೊಡಲಾಗದು ಎಂದು ನನ್ನ ಮುತ್ಯಾ ಕೊಟ್ಟ ಕಾರಣ ಬಹಳ ಸರಳವಾಗಿತ್ತು.

“ಅವ್ರು ಬಂದವ್ರು ತಮ್ಮಾ. ನಾವು ಕಾಗಿಣಾ ಹೊಳಿ ಹರಿಯಾಕ ಸುರು ಮಾಡಿದಾಗಿಂದ ಇಲ್ಲೇ ಅದೀವಿ.”

ಎದುರು ಮನೆಯ ಶರಣಪ್ಪ ಮುತ್ಯಾನ ಪ್ರಕಾರ ಬಂದವರು ನಾವು. ಹೊಳೆಗೆ ದಾರಿ ತೋರಿಸಿದವರೇ ಅವನ ಹಿರಿಯರು. ಹೀಗೆ ಇಬ್ಬರು ಆದಿವಾಸಿಗಳ ನಡುವೆ ಅಕ್ಕನ ಮದುವೆ ನಿಂತಿತು. ಅಷ್ಟರಲ್ಲಿ ಎದುರು ಮನೆಯವರು ಬಸವರಾಜನಿಗಾಗಿ ಚಿಂಚೋಳಿ ಕಡೆಯ ಒಂದು ಹೆಣ್ಣು ನೋಡಲು ಮುಂದಿನ ಸೋಮವಾರ ಗೊತ್ತುಮಾಡಿದರು. ಅಕ್ಕ ಮಾತಾಡುವುದನ್ನೇ ಬಿಟ್ಟಳು. ಮಾತಾಡುವ ಅಕ್ಕನಿಗಿಂತ ಮಾತಾಡದ ಅಕ್ಕ ಹೆಚ್ಚು ಅಪಾಯಕಾರಿ ಎಂಬುದು ಅಕ್ಕಂದಿರಿರುವವರಿಗೆಲ್ಲ ಗೊತ್ತಿರುವ ವಿಷಯ.

ಆಗ ನನಗೆ ಮುಲ್ಕಿ ಕಾಗದಗಳ ನೆನಪಾಯಿತು. ನೌಕರಿಗೆಂದು ಮುನ್ನೂರಾ ಎಪ್ಪತ್ತೊಂದು ಜೆ ಪ್ರಮಾಣಪತ್ರ ಮಾಡಿಸಲು ತಹಸೀಲ್ ಕಚೇರಿಗೆ ಅಲೆಯುವಾಗ, ಇದು ಹೊಸ ಕಾಟವೇನಲ್ಲ, ನಿಜಾಮರ ಕಾಲದಲ್ಲೂ ಸರ್ಕಾರಿ ಕೆಲಸ ಬೇಕಾದವನು ತಾನು ಈ ಸೀಮೆಯವನು, ಅಂದರೆ ‘ಮುಲ್ಕಿ’, ಎಂದು ಸಾಕ್ಷಿ ಸಮೇತ ಸಾಧಿಸಬೇಕಿತ್ತು ಎಂದು ಅಲ್ಲಿಯ ಗುಮಾಸ್ತರು ಹೇಳಿದ್ದರು. ಹಳೆಯ ಅರ್ಜಿಗಳು ದಫ್ತರದ ಕೋಣೆಯಲ್ಲಿ ಬಟ್ಟೆಗಂಟುಗಳಲ್ಲಿದ್ದವು. ಇಬ್ಬರು ಮುತ್ಯಾಂದಿರ ತಂದೆಯರೂ ಗಡಿಸುಂಕ ವಸೂಲಿ ಮಾಡುವ ಕರೋಡಗಿರಿ ನಾಕೆಯಲ್ಲಿ ಜವಾನರಾಗಿದ್ದರು. ಅಂದಮೇಲೆ ಅವರ ಕಾಗದಗಳೂ ಇರಲೇಬೇಕಲ್ಲ! ಕಾಗದ ಹೇಳಿದಂತೆ ಆಗಲಿ ಎಂದು ಇಬ್ಬರನ್ನೂ ಒಪ್ಪಿಸಿ, ನಕಲಿಗೆ ಅರ್ಜಿ ಹಾಕಿ, ಓಣಿಯಲ್ಲಿ ಇಂಥ ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ಬೀಗುತ್ತ ಮನೆಗೆ ಬಂದೆ. ಅಕ್ಕ ಮೌನ ಮುರಿದಳು.

“ಶ್ಯಾಣ್ಯಾ, ಮುತ್ಯಾ ಗೆದ್ರ ಮುತ್ಯಾ ಕೊಡಂಗಿಲ್ಲ. ಅವ್ರು ಗೆದ್ರ ಅವ್ರು ತಗೊಳಂಗಿಲ್ಲ. ಯಾರ ಗೆದ್ರೂ ಸೋಲಾಕಿ ನಾನ.”

ಇದು ನನಗೆ ಹೊಳೆದೇ ಇರಲಿಲ್ಲ. ಲೆಕ್ಕ ಇಡುವವರ ಕಷ್ಟವೇ ಇದು. ಕೂಡಿಸುವುದರಲ್ಲಿ ಮೈಮರೆತು ಮೊತ್ತ ಯಾರ ತಲೆಯ ಮೇಲೆ ಬೀಳುತ್ತದೆಂದು ನೋಡುವುದಿಲ್ಲ.

ಭಾನುವಾರ, ಅಂದರೆ ಚಿಂಚೋಳಿಯ ಸೋಮವಾರಕ್ಕೆ ಒಂದೇ ದಿನ ಉಳಿದಾಗ, ಉರ್ದು ಶಾಲೆಯ ನಿವೃತ್ತ ಶಿಕ್ಷಕಿ ನಸೀಮ್ ಆಪಾ ನಮ್ಮ ಮನೆಗೆ ಬಂದು ಉರ್ದುವಿನಲ್ಲಿದ್ದ ನಕಲುಗಳನ್ನು ಮುಂದಿಟ್ಟುಕೊಂಡು ಕುಳಿತರು. ನಮ್ಮ ಅಂಗಳದ ಪರಸಿಕಲ್ಲಿನ ಕಟ್ಟೆಯ ಈ ತುದಿಗೆ ನನ್ನ ಮುತ್ಯಾ, ಆ ತುದಿಗೆ ಶರಣಪ್ಪ ಮುತ್ಯಾ. ಅಕ್ಕ ಚಹಾದ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿನ ತಾಟು ಸಣ್ಣಗೆ ಸದ್ದು ಮಾಡುತ್ತಿತ್ತು.

ನನ್ನ ಮುತ್ಯಾನ ತಂದೆಯ ಅರ್ಜಿಗೆ ಸಾಕ್ಷಿ ಹಾಕಿದವನು ಶರಣಪ್ಪ ಮುತ್ಯಾನ ತಂದೆ. ಶರಣಪ್ಪ ಮುತ್ಯಾನ ತಂದೆಯ ಅರ್ಜಿಗೆ ಸಾಕ್ಷಿ ಯಾರೆಂದು ನಾನು ಹೇಳಬೇಕಿಲ್ಲ. ಇಬ್ಬರೂ ದೇವರ ಮೇಲೆ ಪ್ರಮಾಣ ಮಾಡಿ, ಇವನನ್ನು ಹುಟ್ಟಿದಂದಿನಿಂದ ಇದೇ ಊರಲ್ಲಿ ಕಂಡಿದ್ದೇನೆ ಎಂದು ಬರೆಸಿದ್ದರು. ಆಪಾ ಕನ್ನಡಕ ಸರಿಮಾಡಿಕೊಂಡು ನನ್ನ ಮುತ್ಯಾನ ಕಡೆ ತಿರುಗಿದರು.

“ಮುತ್ಯಾ, ನಿಮ್ಮಪ್ಪಗ ಆಗ ಇಪ್ಪತ್ತೊಂಬತ್ತು, ಇವ್ರಪ್ಪಗ ಇಪ್ಪತ್ತೆರಡು. ಇಪ್ಪತ್ತೆರಡರಾವ ಇಪ್ಪತ್ತೊಂಬತ್ತರಾವನ್ನ ಹುಟ್ಟಿದಾಗಿಂದ ನೋಡ್ಯಾನಂತ. ಯಾ ಕಿಡಕ್ಯಾಗಿಂದ ನೋಡಿದ್ನೋ ಅಲ್ಲಾಗ ಗೊತ್ತು.”

ಕೆಳಗೆ ಅಂದಿನ ತಹಸೀಲ್ದಾರರ ಟಿಪ್ಪಣಿ ಇತ್ತು. ಊರ ಪಟೇಲನನ್ನು ಕೇಳಲಾಗಿ, ಒಬ್ಬ ಅಕ್ಕಲಕೋಟೆ ಸೀಮೆಯವನು, ಇನ್ನೊಬ್ಬ ವಿಜಾಪುರದ ಕಡೆಯವನು, ದಾರಿಯಲ್ಲಿ ಜೊತೆಯಾಗಿ ಇಬ್ಬರೂ ಒಂದೇ ಬಂಡಿಯಲ್ಲಿ ಬಂದಿಳಿದವರೆಂದು ತಿಳಿದಿದೆ. ಆದರೂ ದುಡಿಮೆಗಾರರು, ಊರಿಗೆ ಬೇಕಾದವರು, ಮಂಜೂರು. ಹೊರಗಿನ ಸರಕು ನುಸುಳದಂತೆ ಕಾಯುವ ನಾಕೆಗೆ ಇಬ್ಬರು ಹೊರಗಿನವರನ್ನೇ ನಿಲ್ಲಿಸಿದ ಆ ಅಧಿಕಾರಿಗೆ ಒಂದು ನಮಸ್ಕಾರ.

ನನ್ನ ಮುತ್ಯಾ ಆ ಕಾಗದವನ್ನು ತನ್ನತ್ತ ಎಳೆದುಕೊಂಡ.

“ಬಂಡಿ ಹೊಡಿಯಾವ ಮುಂದ ಕುಂತಿರ್ತಾನ. ಹೊಡ್ದಾವ ನಮ್ಮಪ್ಪನ ಇರ್ಬೇಕು.”

“ಎತ್ತು ಅದಕ್ಕಿಂತ ಮುಂದ ಇರ್ತಾವ,” ಎಂದ ಶರಣಪ್ಪ ಮುತ್ಯಾ. “ಎತ್ತು ನಮ್ಮವು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಯಾರು ಎಂಬುದು ಈಗ ನಮ್ಮ ಓಣಿಯ ಹೊಸ ವಿವಾದ. ನಗು ನಿಂತ ಮೇಲೆ ಶರಣಪ್ಪ ಮುತ್ಯಾ ಅಕ್ಕನ ತಾಟಿನಿಂದ ಚಹಾ ಎತ್ತಿಕೊಂಡು, ಎದುರಿನ ತನ್ನ ಮನೆಯ ಕಡೆ ಮುಖಮಾಡಿ ಮಗನನ್ನು ಕರೆದ.

“ಚಿಂಚೋಳಿಗಿ ಫೋನ್ ಹಚ್ಚೋ. ನಾಳಿ ನಾವು ಬರಂಗಿಲ್ಲಂತ ಹೇಳು.”

ತಾಟಿನ ಸದ್ದು ನಿಂತಿತು. ಆ ರಾತ್ರಿ ದಿನಚರಿಯಲ್ಲಿ ಗೆದ್ದವರ ಹೆಸರು ಬರೆಯಲು ಬಿಟ್ಟ ಜಾಗ ಖಾಲಿಯೇ ಉಳಿಯಿತು. ಆ ಇಬ್ಬರು ಜವಾನರು ಅರ್ಜಿಗಳಲ್ಲಿ ಬರೆಸಿದ್ದು ಶುದ್ಧ ಸುಳ್ಳು, ನಿಜ. ಆದರೆ ಆಮೇಲೆ ಇಲ್ಲೇ ದುಡಿದು, ಇಲ್ಲೇ ಎದುರುಬದುರು ಮನೆ ಕಟ್ಟಿ, ಇಲ್ಲೇ ಮಣ್ಣಾಗಿ, ಒಬ್ಬರು ಇನ್ನೊಬ್ಬರ ಸುಳ್ಳನ್ನು ನಿಧಾನವಾಗಿ ನಿಜ ಮಾಡಿದರು. ಊರಿನವರಾಗುವುದಕ್ಕೆ ಇದಕ್ಕಿಂತ ಬೇರೆ ದಾರಿ ಇದೆಯೇ, ನೀವೇ ಹೇಳಿ.

ಮೊನ್ನೆ ಅಕ್ಕನ ಲಗ್ನಪತ್ರಿಕೆ ಹಂಚಲು ಭಂಕೂರಿಗೆ ಹೊರಟು ಅದೇ ರೈಲು ಹತ್ತಿದೆ. ಸೇಡಂನವರು ಅದೇ ನೋಟದಿಂದ ಸ್ವಾಗತಿಸಿದರು. ವಾಡಿಯಲ್ಲಿ ಹತ್ತಿದ ಒಬ್ಬ ಗೃಹಸ್ಥ, ಶಹಾಬಾದಿನಲ್ಲಿ ಹತ್ತಲಿರುವ ತನ್ನ ಭಾವನಿಗೆಂದು ನನ್ನ ಪಕ್ಕದ ಜಾಗಕ್ಕೆ ಟವೆಲ್ ಹಾಸಿ ಬಾಗಿಲ ಕಡೆ ಹೋದ. ಅವನ ಹಿಂದೆಯೇ ಹತ್ತಿದ, ಬೆವರಿದ ಮುದುಕನೊಬ್ಬ ಟವೆಲನ್ನು ಅತ್ತ ಸರಿಸಿ ಕುಳಿತ. ಗೃಹಸ್ಥ ತಿರುಗಿ ಬಂದು, ಇದು ಹಿಡಿದ ಸೀಟು, ಏಳು ಎಂದ. ಮುದುಕ ನನ್ನ ಮುಖ ನೋಡಿದ.

“ಇವ್ರು ಸೇಡಂದಿಂದ ಇಲ್ಲೇ ಕುಂತಾರ್ರಿ,” ಎಂದೆ ನಾನು, ಚಿತ್ತಾಪುರದಲ್ಲಿ ಹತ್ತಿದವನು. “ನಾನ ನೋಡೀನಿ.”

ಗೃಹಸ್ಥ ಅನುಮಾನದಿಂದ ನನ್ನನ್ನೇ ಮೇಲಿಂದ ಕೆಳಗೆ ಅಳೆಯತೊಡಗಿದ. ಮುದುಕ ಯಾರೂ ಕೇಳದಿದ್ದರೂ ನನ್ನ ಹೆಗಲ ಮೇಲೆ ಕೈ ಇಟ್ಟ.

“ಈ ಹುಡುಗಾನೂ ಅಲ್ಲಿಂದನ ಕುಂತಾನ್ರಿ.”