ಖುದ್ದು ಪರಿಚಯ

ನಮ್ಮ ಯಜಮಾನರು ಮೂವತ್ತೊಂದು ವರ್ಷ ನೋಟರಿಯಾಗಿದ್ದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸಹಿ ಹಾಕುವವರನ್ನು ಕಣ್ಣಾರೆ ನೋಡದೆ ಸೀಲು ಒತ್ತಲಿಲ್ಲ. ಮನೆಯಲ್ಲೇ ಸಹಿ ಹಾಕಿ ತಂದವರಿಗೆ, "ಇನ್ನೊಂದ್ಸಲ ಹಾಕಿ, ನನ್ನ ಎದುರಿಗೆ" ಎನ್ನುತ್ತಿದ್ದರು. ಕಾಗದದಲ್ಲಿ ಒಂದು ಜಾಗ ಖಾಲಿ ಕಂಡರೂ ವಾಪಸ್. ನನ್ನ ತವರಿನವರ ಒಂದು ಕಾಗದಕ್ಕೂ ಇವರ ಸೀಲು ಬೀಳಲಿಲ್ಲ, ಸಂಬಂಧಿಕರದ್ದು ಮಾಡಬಾರದಂತೆ. ತವರಿನಲ್ಲಿ ಆ ಸಿಟ್ಟು ಇನ್ನೂ ಆರಿಲ್ಲ. ನನಗೂ ಆರಿಲ್ಲ.

ಆಫೀಸು ಮಹಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಒಳಗೆ ಒಂದು ಮೇಜು, ಎರಡು ಕುರ್ಚಿ. ಹೊರಗೆ ಒಂದು ಬೆಂಚು. ಜೊತೆಗೆ ಬಂದ ಗಂಡ, ಹೆಂಡತಿ, ಅಣ್ಣ, ತಮ್ಮ ಎಲ್ಲರೂ ಬೆಂಚಿಗೆ. ಸಹಿ ಹಾಕುವವರನ್ನು ಒಬ್ಬರನ್ನೇ ಒಳಗೆ ಕೂರಿಸಿ ಮೂರು ಪ್ರಶ್ನೆ: "ನೀವು ಯಾರು? ಈ ಕಾಗದದಲ್ಲಿ ಏನಿದೆ? ಯಾರಾದ್ರೂ ಒತ್ತಾಯ ಮಾಡಿದ್ದಾರಾ?" ಎದುರು ಕಟ್ಟಡದಲ್ಲೂ ಒಬ್ಬ ನೋಟರಿ ಇದ್ದ. ಇವರ ಕೈಕೆಳಗೇ ಕೆಲಸ ಕಲಿತವನು, ಆದರೆ ತಲೆ ಎತ್ತದೆ ಸೀಲು ಒತ್ತುತ್ತಿದ್ದ. ಸಹಜವಾಗಿಯೇ ಜನ ಅವನ ಹತ್ತಿರ ಹೋಗುತ್ತಿದ್ದರು.

ಗುರುತಿನ ಚೀಟಿಯ ವಿಷಯದಲ್ಲಂತೂ ಇವರು ಜಗಮೊಂಡ. ಕೆಳಗಿನ ಅಂಗಡಿಯ ದರ್ಜಿ, ಇವರ ಅಂಗಿಗಳನ್ನೆಲ್ಲ ಹೊಲಿದವನು, ಬಂದರೂ ಚೀಟಿ ಬೇಕು. "ಸಾರ್, ನಿಮ್ಮ ಕುತ್ತಿಗೆ ಅಳತೆ ನಂಗೆ ಬಾಯಿಪಾಠ" ಎಂದು ಗೊಣಗುತ್ತಲೇ ಅವನು ಇಳಿದು ಹೋಗಿ ತರುತ್ತಿದ್ದ. ಬೀದಿಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಹಾಗಾಗಿ ಇವರಿಗೆ ಮರೆವು ಶುರುವಾದದ್ದು ಯಾರ ಗಮನಕ್ಕೂ ಬರಲಿಲ್ಲ. ಗುರುತು ಸಿಗದವರ ಹತ್ತಿರ ಚೀಟಿ ಕೇಳುತ್ತಿದ್ದರು. ಗುರುತು ಸಿಕ್ಕವರ ಹತ್ತಿರವೂ ಮೊದಲಿನಿಂದ ಕೇಳುತ್ತಿದ್ದವರೇ ಅಲ್ಲವೇ?

ನನಗೆ ಗೊತ್ತಾದದ್ದು ನನ್ನ ತಂಗಿ ಮನೆಗೆ ಬಂದ ದಿನ. ಬಾಗಿಲು ತೆಗೆದವರು ಇವರು. "ಗುರುತಿನ ಚೀಟಿ ಇದೆಯಾ?" ತಂಗಿ ಬಿದ್ದು ಬಿದ್ದು ನಕ್ಕಳು. "ಏನ್ ಭಾವ, ಮನೇಲೂ ಬಿಡಲ್ವಾ?" ಎನ್ನುತ್ತಾ ಚೀಲದಿಂದ ತೆಗೆದು ಕೊಟ್ಟಳು. ನಾನೂ ನಕ್ಕೆ. ಆಮೇಲೆ ಇವರ ಮುಖ ನೋಡಿದೆ. ಚೀಟಿಯಲ್ಲಿದ್ದ ಹೆಸರನ್ನು ಇವರು ಓದುತ್ತಿದ್ದರು, ನಿಜವಾಗಿಯೇ ಓದುತ್ತಿದ್ದರು.

"ರೀ, ಸೀಲು ವಾಪಸ್ ಕೊಟ್ಬಿಡಿ," ಎಂದೆ ಅವತ್ತು. "ಒಬ್ಬರ ಬದಲು ಇನ್ನೊಬ್ಬರು ಬಂದು ಸಹಿ ಹಾಕಿದ್ರೆ ಯಾರದೋ ಮನೆ ಹೋಗುತ್ತೆ. ನಿಮ್ಮ ಮೂವತ್ತೊಂದು ವರ್ಷಾನೂ ಹೋಗುತ್ತೆ."

"ನಂಗೇನಾಗಿದೆ?" ಎಂದರು.

ಮೂರು ವಾರ ಬೆನ್ನು ಬಿಡದೆ ಪೀಡಿಸಿದೆ. ಕೊನೆಗೆ ಸೀಲು ಹಿಂದಿರುಗಿಸುವ ಅಫಿಡವಿಟ್ಟು ಟೈಪಾಯಿತು. ತಮ್ಮ ಕಾಗದಕ್ಕೆ ತಾವೇ ಸೀಲು ಒತ್ತುವಂತಿಲ್ಲ, ಎದುರು ಕಟ್ಟಡದವನ ಹತ್ತಿರ ಇವರನ್ನು ಎಳೆದುಕೊಂಡು ಹೋದೆ. ಅವನು ಎಂದಿನಂತೆ ಸೀಲು ಎತ್ತಿದ.

"ಪ್ರಶ್ನೆ ಕೇಳೋ," ಎಂದು ಇವರು ಗದರಿದರು.

ಅವನು ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದ. ಬಾಗಿಲಿಗಿದ್ದದ್ದು ಬರೀ ಪರದೆ, ಎಲ್ಲ ಕೇಳುತ್ತಿತ್ತು.

"ಸರ್, ಯಾರಾದ್ರೂ ಒತ್ತಾಯ ಮಾಡಿದ್ದಾರಾ?"

"ಹೌದು. ಹೊರಗೆ ಕೂತಿದ್ದಾಳೆ."

ಅವನು ಹುಟ್ಟಿದ ಮೇಲೆ ಮೊದಲ ಸಲ ನಿಯಮ ಪಾಲಿಸಿದ. ಸೀಲು ಒತ್ತಲಿಲ್ಲ.

ಮರುದಿನದಿಂದ ಇವರ ಆಫೀಸಿನ ಬೆಂಚಿನ ಮೇಲೆ ನಾನೇ ಕಾವಲು ಕೂತೆ. ನಾಲ್ಕನೇ ದಿನ ದರ್ಜಿ ಬಂದ. ಈ ಸಲ ಚೀಟಿ ಜೇಬಿನಲ್ಲೇ ಇತ್ತು. ನಗುತ್ತಾ ಕೊಟ್ಟ, ಸಹಿ ಹಾಕಿದ, ಹೋದ. ಅವನು ಹೋದ ಮೇಲೆ ನಾನು ಒಳಗೆ ಬಂದೆ. ರಿಜಿಸ್ಟರಿನಲ್ಲಿ ಬರೆದುಕೊಳ್ಳಲು ಹೋದ ಇವರು ಯಾಕೋ ಒಂದು ಪುಟ ಹಿಂದಕ್ಕೆ ತಿರುಗಿಸಿದರು. ಅಲ್ಲಿ ಅದೇ ಹೆಸರು, ಪಕ್ಕದಲ್ಲಿ ಇವರದೇ ಅಕ್ಷರ: "ಖುದ್ದು ಪರಿಚಯ. ಆದರೂ ಚೀಟಿ ನೋಡಿದೆ." ಇನ್ನಷ್ಟು ಹಿಂದಕ್ಕೆ ಹೋದರು. ಅಲ್ಲೂ ಅದೇ. ಕಪಾಟಿನಿಂದ ಹಳೆಯ ರಿಜಿಸ್ಟರು ತೆಗೆದರು. ಅಲ್ಲೂ ಅದೇ.

"ಇವನು ನಂಗೆ ಗೊತ್ತಾ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಮೈಮೇಲಿರೋ ಅಂಗಿ ಹೊಲಿದೋನು."

ಅಂಗಿಯ ತೋಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಅವತ್ತಿನ ಸಾಲಿನಲ್ಲಿ ಬರೆದರು: "ಪರಿಚಯವಿಲ್ಲ. ಚೀಟಿ ನೋಡಿದೆ." ರಿಜಿಸ್ಟರಿನಲ್ಲಿ ಸುಳ್ಳು ಬರೆಯುವುದು ಇವರ ಕೈಯಲ್ಲಿ ಆಗುವ ಕೆಲಸವಲ್ಲ. ಪೆನ್ನು ಮುಚ್ಚಿ ಎದ್ದು ನಿಂತರು.

"ನಡಿ. ಈಗ ಯಾರ ಒತ್ತಾಯಾನೂ ಇಲ್ಲ."

ಎದುರಿನವನು ಮೂರೂ ಪ್ರಶ್ನೆ ಕೇಳಿ, ಮುಖ ನೋಡಿ, ಸೀಲು ಒತ್ತಿದ. ಬೆಂಚಿನ ಮೇಲೆ ನಾನು ಅತ್ತೆ. ಗೆದ್ದವಳು ನಾನೇ, ಆದರೂ ಅತ್ತೆ.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಇವರು ನಿಂತು ನನ್ನನ್ನು ನೋಡಿದರು.

"ಗುರುತಿನ ಚೀಟಿ ಇದೆಯಾ?"

ತಮಾಷೆಯೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ಇವರು ತಮಾಷೆ ಮಾಡಿದ್ದು ನಾನು ಕಂಡಿಲ್ಲ. ತೆಗೆದು ಕೊಟ್ಟೆ. ಪೂರ್ತಿ ಓದಿದರು, ಫೋಟೋ ನೋಡಿ ನನ್ನ ಮುಖ ನೋಡಿದರು, ವಾಪಸ್ ಕೊಟ್ಟರು.

"ಸರಿ ಇದೆ," ಎಂದು, ರಸ್ತೆ ದಾಟಲು ನನ್ನ ಕೈ ಹಿಡಿದುಕೊಂಡರು.