ಉಪ್ಪು ಹಾಕಿ ಬೇಯಿಸಿದ ಅನ್ನ

ನಿನ್ನೆ ಗಂಜಿ ಉಕ್ಕಿ ಒಲೆಗೆ ಬಿದ್ದು, ಉಪ್ಪು ಸುಟ್ಟ ವಾಸನೆ ಬಂತು. ಸೊಸೆ ಬೇಯುವ ಅನ್ನಕ್ಕೇ ಉಪ್ಪು ಹಾಕಿದ್ದಳು. "ಯಾರೇ ಹೇಳಿದ್ದು ನಿನಗೆ?" ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ಎಂಬತ್ತರ ದಶಕದ ಆರಂಭ, ನಾವು ಬಹರೈನ್ ದೇಶದಲ್ಲಿದ್ದೆವು. ಮುಹರ್ರಕ್‌ನ ಹಳೇ ಮನೆಯೊಂದರಲ್ಲಿ ನಮಗೂ ಮಂಗಳೂರು ಕಡೆಯ ಕ್ರಿಶ್ಚಿಯನ್ ನರ್ಸ್ ಬಾಯಮ್ಮನಿಗೂ ಒಂದೇ ಅಡುಗೆಮನೆ. ಸಂಜೆಯ ಜಪಸರ ಒಂದು ದಿನವೂ ತಪ್ಪಿಸದ ಹೆಂಗಸು. ನನ್ನ ದೇವರ ದೀಪಕ್ಕೆ ಎಣ್ಣೆ ಮುಗಿದರೆ ನನಗಿಂತ ಮೊದಲು ನೆನಪಿಸುತ್ತಿದ್ದವರೂ ಅವರೇ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ತಾವೇ ಸಾಕಿ, ವೀಸಾ ಮಾಡಿಸಿ ಕರೆಸಿಕೊಂಡಿದ್ದರು.

ಆ ತಮ್ಮ ಯಾವುದೋ ಪ್ರಾರ್ಥನಾ ಕೂಟಕ್ಕೆ ಸೇರಿದ. ದೂರದ ದೇಶವೊಂದರಲ್ಲಿ ಸೇನಾಧಿಕಾರಿಯೊಬ್ಬ ಯೇಸುವಿನ ಹೆಸರಲ್ಲಿ ಆಳುತ್ತಾನಂತೆ, ಅಲ್ಲಿ ನಂಬಿಕೆಯೇ ಕಾನೂನಂತೆ. ಅಲ್ಲಿಗೆ ಸೇವೆಗೆ ಹೊರಟ.

"ನಂಬದವರನ್ನು ಎಂತ ಮಾಡ್ತಾರೆ ಮಾರಾಯ?" ಎಂದೆ.

"ನಂಬಿಸ್ತಾರೆ ಅಕ್ಕ," ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಹೊರಡುವ ದಿನ ಮಧ್ಯಾಹ್ನ ಬಾಯಮ್ಮ ಬೇಯುವ ಅನ್ನಕ್ಕೆ ಒಂದು ಮುಷ್ಟಿ ಉಪ್ಪು ಹಾಕಿ, ಅದನ್ನೇ ಅವನಿಗೆ ಬಡಿಸಿದರು.

"ಉಣ್ಣು ಮಗಾ. ಗೋವೆಯಲ್ಲಿ ಪೋರ್ಚುಗೀಸ್ ಪರಂಗಿ ಸರ್ಕಾರ ನಮ್ಮ ಹಿರಿಯರಿಗೆ ಇದನ್ನೇ ಉಣ್ಣಿಸಿದ್ದು. ಉಪ್ಪಿಲ್ಲದೆ ಅನ್ನ ಬೇಯಿಸುದು ಹಿಂದೂಗಳ ಕ್ರಮ, ಹಾಗೆ ಮಾಡಿದವ ಕಳ್ಳ ಕಿರಿಸ್ತಾನ, ಒಳಗೆ ಇನ್ನೂ ಹಿಂದೂವೇ ಅಂತ ಹಿಡೀತಿದ್ರಂತೆ. ಅಜ್ಜಿ ಹೇಳಿದ್ದು ಮರೆತೇ ಹೋಯ್ತಾ? ಶಿಲುಬೆಗೆ ಹೆದರಿ, ಶಿಲುಬೆಯನ್ನೇ ಎದೆಗೊತ್ತಿಕೊಂಡು ಮಂಗಳೂರಿಗೆ ಓಡಿ ಬಂದವರು ನಾವು. ಹೋಗ್ಬೇಡ."

ಅವನು ತಲೆ ಎತ್ತದೆ ಬಟ್ಟಲು ಖಾಲಿ ಮಾಡಿದ. ಹೊರಟೇ ಹೋದ.

ಆರು ತಿಂಗಳಿಗೆ ಅವನ ಒಂದು ಕಾಗದ ಬಂತು. ಬಾಯಮ್ಮ ಡ್ಯೂಟಿಯ ಉಡುಪಿನಲ್ಲೇ ಅಡುಗೆಮನೆಯ ನೆಲದಲ್ಲಿ ಕೂತಿದ್ದರು.

"ಓದಿ ಅಕ್ಕ. ನಾನು ಓದಿದ್ದು ತಪ್ಪು ಅಂತ ಹೇಳಿ."

ಪ್ರಾರ್ಥನೆಗೆ ಬಂದವರಿಗೆ ಮಾತ್ರ ಅಲ್ಲಿ ರೇಶನ್. ಬಾರದವರ ಹೆಸರು ಸೈನಿಕರ ಕೈಗೆ. ಆ ಹೆಸರು ಬರೆಯುವ ಕೆಲಸ ತನ್ನದು, ತಾನು ಯಾರ ಹೆಸರು ಬರೆದೆನೋ ಅವರು ಮರುದಿನ ಕಾಣುವುದಿಲ್ಲ ಎಂದು ಬರೆದಿದ್ದ. ತಪ್ಪಾಗಿ ಓದಿರಲಿಲ್ಲ ಬಾಯಮ್ಮ.

'ವಾಪಸು ಬಾ' ಎಂದು ಅವರು ಬರೆದ ಯಾವ ಕಾಗದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಅವರು ತಾವು ಉಣ್ಣುವ ಅನ್ನಕ್ಕೂ ಪಾತ್ರೆಯಲ್ಲೇ ಉಪ್ಪು ಹಾಕತೊಡಗಿದರು. ಬೇಡವೆಂದು ಬೈದೆ, ಅತ್ತುಬಿಟ್ಟೆ.

"ನನ್ನ ತಮ್ಮ ಬೇರೆಯವರಿಗೆ ಇದನ್ನೇ ಉಣ್ಣಿಸ್ತಿದ್ದಾನಲ್ಲ ಅಕ್ಕ," ಎಂದರು. "ಅವನನ್ನು ಸಾಕಿದವಳು ನಾನು."

ಮರುವರ್ಷ ಊರಿಗೆ ಹೋದರು. ಅಲ್ಲೇ ತೀರಿಕೊಂಡರಂತೆ. ತಮ್ಮ ಬಂದನೋ ಇಲ್ಲವೋ, ಹೇಳುವವರಿಲ್ಲ.

ನಿನ್ನೆ ಊಟದ ಹೊತ್ತಿಗೆ ಟಿವಿಯಲ್ಲಿ ಒಬ್ಬ, ಈ ದೇಶದಲ್ಲಿ ಇರುವವರು ಇಂಥ ದೇವರನ್ನೇ ನಂಬಬೇಕು ಎಂದು ಕಿರುಚುತ್ತಿದ್ದ. ಪಕ್ಕದಲ್ಲಿ ಕೂತ ನನ್ನ ಮಗ ಹೌದೆನ್ನುವಂತೆ ತಲೆಯಾಡಿಸಿದ. ನಾನು ಅವನ ಬಟ್ಟಲಿಗೆ ಸೊಸೆ ಬೇಯಿಸಿದ ಆ ಉಪ್ಪಿನ ಅನ್ನ ಬಡಿಸಿದೆ. ಅವನು ಒಂದಗುಳೂ ಬಿಡದೆ ಉಂಡು ಎದ್ದ.